ಇಮ್ಮಾನುವೆಲ್ ಧಾಟಿಯ ವಯಸ್ಸೆಷ್ಟು?

ಡಿಸೆಂಬರ್ ಹತ್ತಿರ ಬಂತು ಅಂದರೆ ಅದೇ ಪ್ರಶ್ನೆಗಳು ಮತ್ತೆ ಬರುತ್ತವೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ತಾಳ್ಮೆ ಇದ್ದಷ್ಟು.

ಪ್ರಶ್ನೆ: ನಮ್ಮ ಚರ್ಚಿನ ಕ್ವಯರ್ (ಗಾಯನ ತಂಡ) ‘ಓ ಕಮ್, ಓ ಕಮ್, ಇಮ್ಮಾನುವೆಲ್’ ಹಾಡುತ್ತಿದೆ, ಕ್ರಿಸ್‌ಮಸ್‌ಗೆ ಮುಂಚೆ ಯೇಸುವನ್ನು ‘ಬಾ’ ಎಂದು ಕರೆಯುವ ಹಾಡು. ಧಾಟಿ 1,200 ವರ್ಷ ಹಳೆಯದು ಎಂದು ಕಾರ್ಯಕ್ರಮದ ಹಾಳೆಯಲ್ಲಿ ಹಾಕಬಹುದೇ?

ಹಾಕಬೇಡಿ. ಬಹಳ ಹಿಂದೆ ನಾನೂ ಹಾಗೇ ಅಚ್ಚು ಹಾಕಿಸಿದ್ದೆ, ಈಗಲೂ ನಾಚಿಕೆಯಾಗುತ್ತದೆ. ಅಷ್ಟು ಹಳೆಯದು ಮಾತಿನ ಬೇರು ಮಾತ್ರ. ಕ್ರಿಸ್‌ಮಸ್‌ಗೆ ಮುಂಚಿನ ವಾರದ ಸಂಜೆ ಪ್ರಾರ್ಥನೆಯಲ್ಲಿ ‘ಓ’ ಎಂದು ಶುರುವಾಗುವ ಏಳು ಚಿಕ್ಕ ಲ್ಯಾಟಿನ್ ಹಾಡುಗಳಿವೆ. ಅವನ್ನು ಯಾರೋ ಪದ್ಯ ಮಾಡಿದರು. ಆ ಪದ್ಯ 1710ರಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿದೆ. ಆದರೆ ಅಲ್ಲಿ ಈ ಧಾಟಿ ಇಲ್ಲ.

ಮಾತನ್ನೂ ಧಾಟಿಯನ್ನೂ ಜೋಡಿಸಿದ್ದು 1850ರ ದಶಕದ ಇಂಗ್ಲೆಂಡ್. ಜಾನ್ ಮೇಸನ್ ನೀಲ್ ಪದ್ಯವನ್ನು ಇಂಗ್ಲಿಷಿಗೆ ತಂದರು, ಥಾಮಸ್ ಹೆಲ್ಮೋರ್ ಧಾಟಿ ಕೂಡಿಸಿದರು. ಧಾಟಿ ಎಲ್ಲಿಯದು ಅಂದರೆ, ಲಿಸ್ಬನ್ ಗ್ರಂಥಾಲಯದ ಒಂದು ಫ್ರೆಂಚ್ ಪೂಜಾಪುಸ್ತಕದ್ದು ಎಂದು ಟಿಪ್ಪಣಿ ಹಾಕಿದ್ದರು. ಹುಡುಕಿದವರಿಗೆ ಅಲ್ಲಿ ಅದು ಸಿಗಲಿಲ್ಲ. ಹೆಲ್ಮೋರ್ ತಾನೇ ಕಟ್ಟಿ ಹಳೆಯದು ಅಂದುಬಿಟ್ಟ ಎಂಬ ಗುಮಾನಿ ನೂರು ವರ್ಷ ಓಡಾಡಿತು.

1966ರಲ್ಲಿ ಮೇರಿ ಬೆರಿ ಎಂಬ ಸನ್ಯಾಸಿನಿ, ಸಂಗೀತದ ವಿದ್ವಾಂಸೆ, ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ 15ನೇ ಶತಮಾನದ ಕೈಬರಹದ ಪುಸ್ತಕವೊಂದನ್ನು ತಿರುವುತ್ತಿದ್ದರು. ಫ್ರಾನ್ಸಿನ ಫ್ರಾನ್ಸಿಸ್ಕನ್ ಸನ್ಯಾಸಿನಿಯರು ಮೆರವಣಿಗೆಯಲ್ಲಿ ಹಾಡಲು ಇಟ್ಟುಕೊಂಡ ಪುಸ್ತಕ ಅದು. ಅದರಲ್ಲಿತ್ತು ಈ ಧಾಟಿ. ಆದರೆ ಮಾತು ಬೇರೆ, ಸಂದರ್ಭವೂ ಬೇರೆ. ಸತ್ತವರನ್ನು ಕಳಿಸಿಕೊಡುವಾಗ ಹಾಡುವ ‘ಲಿಬೇರಾ ಮೇ’ಗೆ ಸೇರಿಸಿದ ಪದ್ಯಗಳು. ಅಂದರೆ ನಾವು ‘ಬಾ, ಬಾ’ ಎಂದು ಕರೆಯುವ ಧಾಟಿಯಲ್ಲೇ ಅವರು ಬೀಳ್ಕೊಡುತ್ತಿದ್ದರು!

ಇನ್ನೊಂದು ಸ್ವಾರಸ್ಯವೂ ಇದೆ. ಎದುರು ಪುಟದಲ್ಲಿ ಎರಡನೇ ದನಿ ಬರೆದಿದೆ, ಸ್ವರಕ್ಕೆ ಸ್ವರ ಜೋಡಿ. ಒಂದೇ ಪುಸ್ತಕ ಹಿಡಿದು ಇಬ್ಬರು ನಡೆಯುತ್ತಾ ಹಾಡುವುದನ್ನು ಊಹಿಸಿಕೊಳ್ಳಿ. ಹಾಗಾಗಿ ಹಾಳೆಯಲ್ಲಿ ‘15ನೇ ಶತಮಾನ, ಫ್ರಾನ್ಸ್’ ಎಂದು ಬರೆಯಿರಿ, ಸಾಕು.

ನೀವು ಹಾಡುವ ನಾಲ್ಕು ದನಿಯ ಹೊಂದಾಣಿಕೆ ಮಾತ್ರ ಆಮೇಲಿನವರ ಕೆಲಸ. ಅದರಲ್ಲಿ ತಪ್ಪೇನಿಲ್ಲ, ಹಂಗೇರಿಯ ಸಂಗೀತ ಸಂಯೋಜಕ ಜೋಲ್ಟಾನ್ ಕೊಡಾಯ್ ಕೂಡ ಈ ಧಾಟಿಯನ್ನು ಕ್ವಯರ್‌ಗೆ ಅಳವಡಿಸಿದ್ದಾರೆ. ನನ್ನ ಸಲಹೆ ಕೇಳಿದರೆ, ಮೊದಲ ಚರಣಕ್ಕೆ ಆರ್ಗನ್ ಮುಚ್ಚಿಬಿಡಿ, ಎಲ್ಲರೂ ಒಂದೇ ದನಿಯಲ್ಲಿ ಹಾಡಿ. ‘ಸ, ಗ, ಪ’ ಎಂದು ಹತ್ತಿ ಪ ಮೇಲೆ ನಿಲ್ಲುವುದು ಆಗ ಕಿವಿಗೆ ಸರಿಯಾಗಿ ಬೀಳುತ್ತದೆ. ಎಳೆದೆಳೆದು ಹಾಡಬೇಡಿ. ಇದು ನಡೆಯುವವರ ಹಾಡು ಅಲ್ವಾ?

ಪ್ರಶ್ನೆ: ಇದರ ಸ್ವರಗಳು ನಮ್ಮ ನಟಭೈರವಿ ರಾಗದವೇ. ಇಲ್ಲಿಂದ ಹೋದದ್ದೇ?

ಇಲ್ಲ. ಸ್ವರ ಒಂದೇ ಆದ ಮಾತ್ರಕ್ಕೆ ನೆಂಟಸ್ತಿಕೆ ಬರುವುದಿಲ್ಲ.

ಪ್ರಶ್ನೆ: ಸನ್ಯಾಸಿಗಳು ಇದನ್ನು ಸೆಕೆಂಡಿಗೆ 432 ಕಂಪನ, ಅಂದರೆ 432 ಹರ್ಟ್ಸ್‌ನಲ್ಲಿ ಹಾಡಿ ರೋಗ ವಾಸಿ ಮಾಡುತ್ತಿದ್ದರಂತೆ. ಆ ಶ್ರುತಿಯ ಧ್ವನಿಮುದ್ರಿಕೆ ಕೊಳ್ಳಬಹುದೇ?

ದುಡ್ಡು ಜಾಸ್ತಿ ಇದ್ದರೆ ಕೊಳ್ಳಿ. ಆ ಕಾಲದಲ್ಲಿ ಹರ್ಟ್ಸ್ ಎಂಬ ಅಳತೆಯೂ ಇರಲಿಲ್ಲ, ಎಲ್ಲರಿಗೂ ಒಂದೇ ಶ್ರುತಿ ಎಂಬುದೂ ಇರಲಿಲ್ಲ. ಗಂಟಲಿಗೆ ಹಿತವಾದ ಕಡೆಯಿಂದ ಶುರು ಮಾಡುತ್ತಿದ್ದರು. ಎಲ್ಲರಿಗೂ ಒಂದೇ ಶ್ರುತಿ, ‘ಎ’ ಸ್ವರಕ್ಕೆ 440 ಹರ್ಟ್ಸ್, ಎಂದು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಪ್ಪಿದ್ದೇ 1939ರಲ್ಲಿ. ಕಾಯಿಲೆಗೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಕ್ರಿಸ್‌ಮಸ್ ದಿನ ಹಾಡಬಹುದೇ?

ಬಂದು ಕೂತವರನ್ನು ‘ಬಾ’ ಎಂದು ಯಾರಾದರೂ ಕರೆಯುತ್ತಾರಾ? 24ರೊಳಗೆ ಮುಗಿಸಿ.