ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಕಟ್ಟಿಕೊಂಡರೆ: ಪಾಂಡವಪುರದ ಸದಸ್ಯರಿಗೆ ಉತ್ತರ

ಮಾನ್ಯರೇ, ನಿಮ್ಮ ತಂದೆಯವರಿಗೆ ಪ್ರಾಸ್ಟೇಟ್ ಗ್ರಂಥಿಯನ್ನು ಮೂತ್ರನಾಳದ ಮೂಲಕವೇ ಕೆರೆದು ತೆಗೆದರೆಂದೂ, ಮೂತ್ರ ಇಳಿಯಲು ಮೂತ್ರಕೋಶಕ್ಕೆ ಹಾಕಿದ್ದ ನಳಿಕೆಯನ್ನು (ಕ್ಯಾತಿಟರ್) ಮೂರನೆಯ ದಿನ ತೆಗೆದ ರಾತ್ರಿಯೇ ಮೂತ್ರ ಕಟ್ಟಿಕೊಂಡಿದ್ದರಿಂದ ಮತ್ತೆ ನಳಿಕೆ ಹಾಕಿ ಮನೆಗೆ ಕಳುಹಿಸಿದ್ದಾರೆಂದೂ, ಆಪರೇಷನ್ನೇ ಕೆಟ್ಟಿತೇನೋ ಎಂದು ಮನೆಮಂದಿಯೆಲ್ಲ ಹೆದರಿದ್ದೀರೆಂದೂ ಬರೆದಿದ್ದೀರಿ. ಇದು ಕಬ್ಬು ಬೆಳೆಗಾರರ ಗುಂಪಾದರೂ ಇಲ್ಲಿ ಅರವತ್ತು ದಾಟಿದವರು ಅನೇಕರಿದ್ದೇವೆ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಅನುಭವಿಸಿದ್ದರಿಂದ ಸಂಕೋಚವಿಲ್ಲದೆ ವಿವರವಾಗಿ ಬರೆಯುತ್ತಿದ್ದೇನೆ.

ಆಪರೇಷನ್ ಕೆಟ್ಟಿತೆಂದು ಈಗಲೇ ತೀರ್ಮಾನಿಸಬೇಡಿ. ಕೆರೆದ ಜಾಗ ಕೆಲವು ದಿನ ಊದಿಕೊಂಡಿರುತ್ತದೆ. ಹೆಪ್ಪುಗಟ್ಟಿದ ರಕ್ತ ದಾರಿಗೆ ಅಡ್ಡ ಬರುವುದೂ ಉಂಟು. ಇವೆರಡಕ್ಕಿಂತ ಹೆಚ್ಚಾಗಿ, ಕಿರಿದಾದ ದಾರಿಯಲ್ಲಿ ವರ್ಷಗಟ್ಟಲೆ ಮೂತ್ರವನ್ನು ತಳ್ಳಿ ತಳ್ಳಿ ಮೂತ್ರಕೋಶದ ಸ್ನಾಯು ಸೋತಿರಬಹುದು. ಹಂಗಾಮು ಪೂರ್ತಿ ಆಲೆಮನೆಗೆ ಕಬ್ಬಿನ ಗಾಡಿ ಎಳೆದ ಎತ್ತಿನ ಕೊರಳಿಂದ ನೊಗ ಇಳಿಸಿದ ಮಾತ್ರಕ್ಕೆ ಅದು ಮರುದಿನವೇ ಉಳುಮೆಗೆ ಬರುವುದಿಲ್ಲ. ನಳಿಕೆ ಇರುವಷ್ಟು ದಿನ ಆ ಸ್ನಾಯುವಿಗೆ ವಿಶ್ರಾಂತಿ ಸಿಗುತ್ತದೆ. ಸಾಮಾನ್ಯವಾಗಿ ಒಂದೆರಡು ವಾರ ಬಿಟ್ಟು ನಳಿಕೆ ತೆಗೆದು ನೋಡುತ್ತಾರೆ. ನನಗೆ ಎರಡನೆಯ ಸಲವೂ ಆಗಲಿಲ್ಲ, ಮೂರನೆಯ ಸಲ ಮೂತ್ರ ತಾನಾಗಿ ಹೋಯಿತು.

ನಳಿಕೆಗೆ ಜೋಡಿಸಿದ ಮೂತ್ರದ ಚೀಲ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಮೂರನೇ ಎರಡು ಪಾಲು ತುಂಬುವಷ್ಟರಲ್ಲಿ ಕೈಯನ್ನು ಸೋಪಿನಿಂದ ತೊಳೆದು ಖಾಲಿ ಮಾಡಿ. ನಳಿಕೆ ಎಳೆದಾಡದಂತೆ ಅದನ್ನು ತೊಡೆಗೆ ಅಂಟುಪಟ್ಟಿಯಿಂದ ಹಿಡಿಸಿ. ಪ್ಯಾಂಟಿಗಿಂತ ಪಂಚೆ ಅನುಕೂಲ. ಒಂದು ರಾತ್ರಿ ನನ್ನ ಚೀಲಕ್ಕೆ ಎರಡು ಗಂಟೆ ಹನಿಯೂ ಇಳಿಯದೆ ಕಿಬ್ಬೊಟ್ಟೆ ಬಿಗಿಯತೊಡಗಿತು. ಆಸ್ಪತ್ರೆಗೆ ಹೊರಡಲು ಸಿದ್ಧರಾಗುತ್ತಿದ್ದಾಗ ನನ್ನ ಹೆಂಡತಿ ಟಾರ್ಚ್ ಹಿಡಿದು ನೋಡಿದರೆ ಕೊಳವೆ ತೊಡೆಯ ಕೆಳಗೆ ಮಡಿಚಿಕೊಂಡಿತ್ತು. ನೇರ ಮಾಡಿದ ಕೂಡಲೇ ಮೂತ್ರ ಸರಸರನೆ ಇಳಿಯಿತು. ಆದ್ದರಿಂದ ಮೊದಲು ಮಡಿಕೆಯನ್ನು ಹುಡುಕಿ. ಮಡಿಕೆ ಇಲ್ಲದೆಯೂ ಇಳಿಯದಿದ್ದರೆ ತಡಮಾಡಬೇಡಿ.

ನಳಿಕೆ ತೆಗೆಸಲು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು; ಮತ್ತೆ ಕಟ್ಟಿಕೊಂಡರೂ ವೈದ್ಯರು ಸಿಗುವ ಹೊತ್ತಿನಲ್ಲೇ ಗೊತ್ತಾಗುತ್ತದೆ. ಬೇಗ ಮೂತ್ರ ಬರಲೆಂದು ಒಂದೇ ಸಲಕ್ಕೆ ಚೊಂಬುಗಟ್ಟಲೆ ನೀರು ಕುಡಿಸಬೇಡಿ, ಗಂಟೆಗೊಂದು ಲೋಟ ಸಾಕು. ಕುಳಿತು, ತಿಣುಕದೆ ಮೂತ್ರ ಮಾಡಲಿ. ಮುಗಿಯಿತೆನಿಸಿದ ಮೇಲೆ ಎರಡು ನಿಮಿಷ ತಡೆದು ಇನ್ನೊಮ್ಮೆ ಪ್ರಯತ್ನಿಸಲಿ. ಮೂತ್ರಕೋಶದಲ್ಲಿ ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಪ್ರತಿ ಸಲ ಹೋದದ್ದನ್ನು ಅಳತೆಯ ಜಗ್ಗಿನಲ್ಲಿ ಹಿಡಿದು ಬರೆದಿಡಿ. ನಾನು ಡೈರಿಯ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲೇ ಬರೆಯುತ್ತಿದ್ದೆ. ಆ ಲೆಕ್ಕ, ಜೊತೆಗೆ ಒಳಗೆ ಎಷ್ಟು ಉಳಿದಿದೆ ಎಂದು ತೋರಿಸುವ ಸ್ಕ್ಯಾನಿಂಗ್, ಇವೆರಡನ್ನು ನೋಡಿಯೇ ವೈದ್ಯರು ಮುಂದಿನದನ್ನು ನಿರ್ಧರಿಸುತ್ತಾರೆ.

ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ನಳಿಕೆ ತೆಗೆಸಿದ ಮೊದಲ ಸಲವೂ ಅಲ್ಲ, ಎರಡನೆಯ ಸಲ, ನೆಗಡಿಯಾಯಿತೆಂದು ಮೆಡಿಕಲ್ ಸ್ಟೋರಿನಿಂದ ಮಾತ್ರೆ ತರಿಸಿ ನುಂಗಿದೆ. ಅಂದೇ ಮೂತ್ರ ಮತ್ತೆ ಕಟ್ಟಿಕೊಂಡಿತು. ನೆಗಡಿಯ ಅನೇಕ ಮಾತ್ರೆಗಳಲ್ಲಿ ಮೂತ್ರಕೋಶದ ಸ್ನಾಯುವನ್ನು ಸಡಿಲಗೊಳಿಸುವ, ಇಲ್ಲವೇ ಅದರ ಬಾಯಿಯನ್ನು ಬಿಗಿಗೊಳಿಸುವ ಔಷಧಿಗಳಿರುತ್ತವೆಂದು ಆಮೇಲೆ ತಿಳಿಯಿತು. ಮಲಬದ್ಧತೆಯೂ ಅಷ್ಟೇ ಕಾಟ ಕೊಡುತ್ತದೆ. ಸೊಪ್ಪು, ಪರಂಗಿ ಹಣ್ಣು ಊಟದಲ್ಲಿರಲಿ, ಸಾಲದಿದ್ದರೆ ವೈದ್ಯರನ್ನು ಕೇಳಿ. ಬಾಳೆದಿಂಡಿನ ರಸ, ಬಾರ್ಲಿ ನೀರು ಕುಡಿಸಿ ಎಂದು ಈ ಗುಂಪಿನಲ್ಲೇ ಕೆಲವರು ಪ್ರೀತಿಯಿಂದ ಸಲಹೆ ಕೊಟ್ಟಿದ್ದಾರೆ. ದಾರಿ ಕಟ್ಟಿರುವಾಗ ಅವನ್ನು ಕುಡಿಸಿದರೆ ತುಂಬಿದ ಮೂತ್ರಕೋಶವನ್ನು ಇನ್ನಷ್ಟು ತುಂಬಿಸಿದಂತಾಗಿ ನೋವು ಹೆಚ್ಚುತ್ತದೆ.

ಎಷ್ಟು ಸಲ ತೆಗೆದು ನೋಡಿದರೂ ಆಗದಿದ್ದರೆ, ದಿನಕ್ಕೆ ನಾಲ್ಕಾರು ಸಲ ಸಣ್ಣ ನಳಿಕೆಯನ್ನು ತಾವೇ ಹಾಕಿ ಮೂತ್ರ ತೆಗೆದು, ಕೂಡಲೇ ನಳಿಕೆಯನ್ನು ಹೊರತೆಗೆಯುವ ಕ್ರಮವಿದೆ. ಅಮೆರಿಕದ ಮಿಷಿಗನ್‌ನ ಜ್ಯಾಕ್ ಲ್ಯಾಪಿಡಿಸ್ ಎಂಬ ವೈದ್ಯರು 1972ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಪಕ್ಕದೂರಿನ ರೈತರೊಬ್ಬರು ನರ್ಸ್ ಒಬ್ಬರಿಂದ ಇದನ್ನು ಕಲಿತು, ಗದ್ದೆಗೆ ಹೊರಡುವ ಮುನ್ನ ಒಮ್ಮೆ ಮುಗಿಸಿಕೊಂಡು ನಾಲೆಯ ನೀರು ಹಾಯಿಸಲು ಹೋಗುತ್ತಾರೆ. ಚೀಲ ಹೊತ್ತು ಮನೆಯಲ್ಲೇ ಕೂರುವುದಕ್ಕಿಂತ ಇದು ಎಷ್ಟೋ ಮೇಲು. ತಂದೆಯವರು ನಾಚಿಕೆಯಿಂದ ಬೇಡವೆಂದರೆ ಒತ್ತಾಯಿಸದೆ ನಿಧಾನವಾಗಿ ತಿಳಿಸಿ ಹೇಳಿ.

ನಾಲ್ಕರಿಂದ ಆರು ವಾರ ಮೂಟೆ ಎತ್ತುವುದು, ಬೈಕ್ ಮತ್ತು ಟ್ರ್ಯಾಕ್ಟರ್ ಸವಾರಿ ಬೇಡ. ಹತ್ತು ಹದಿನಾಲ್ಕು ದಿನಕ್ಕೆ ಒಳಗಿನ ಹಕ್ಕಳೆ ಉದುರಿ ಮೂತ್ರ ತುಸು ಕೆಂಪಾಗಬಹುದು. ವೈದ್ಯರು ನೀರಿಗೆ ಮಿತಿ ಹೇಳಿಲ್ಲದಿದ್ದರೆ ಚೆನ್ನಾಗಿ ಕುಡಿದರೆ ತಿಳಿಯಾಗುತ್ತದೆ. ಆದರೆ ರಕ್ತದ ಗಡ್ಡೆಗಳು ಬಂದರೆ, ಚಳಿ ಜ್ವರ ಬಂದರೆ, ಮೂತ್ರ ನಿಂತು ಕಿಬ್ಬೊಟ್ಟೆ ಬಿಗಿದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ, ಇಲ್ಲವೇ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ನಳಿಕೆ ತೆಗೆಯುವ ದಿನ ಗೊತ್ತಾದ ಕೂಡಲೇ ತಿಳಿಸಿ. ಹಿಂದಿನ ಸಂಜೆ ತಂದೆಯವರೊಡನೆ ನಾನೇ ಫೋನಿನಲ್ಲಿ ಮಾತನಾಡುತ್ತೇನೆ.