ಹಳೇ ಪ್ಯಾಡ್ ಬಿಸಾಡುವ ಮುನ್ನ

ಪ್ರಶ್ನೆ: ಕಾರಿಗೆ ಮುಂದಿನ ಬ್ರೇಕ್ ಪ್ಯಾಡ್ ಹಾಕಿಸಿ 11,000 ಕಿ.ಮೀ. ಆಗಿದೆ ಅಷ್ಟೆ. ಎಡ ಚಕ್ರದ ಒಳಗಿನ ಪ್ಯಾಡ್ ಆಗಲೇ ತಗಡಿನ ತನಕ ಸವೆದಿದೆ. ಅದೇ ಚಕ್ರದ ಹೊರಗಿನದು ಅರ್ಧಕ್ಕಿಂತ ಹೆಚ್ಚು ಉಳಿದಿದೆ, ಬಲಗಡೆಯ ಎರಡೂ ಚೆನ್ನಾಗಿವೆ. ಗ್ಯಾರೇಜಿನವರು ‘ಡೂಪ್ಲಿಕೇಟ್ ಮಾಲು, ಒರಿಜಿನಲ್ ಹಾಕಿಸಿ’ ಅನ್ನುತ್ತಾರೆ. ಹೌದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅಲ್ಲ. ಮಾಲು ಕಳಪೆಯಾಗಿದ್ದರೆ ನಾಲ್ಕೂ ಪ್ಯಾಡ್ ಹೆಚ್ಚುಕಮ್ಮಿ ಒಂದೇ ಸಮ ಸವೆಯಬೇಕಿತ್ತು. ಒಂದು ಮಾತ್ರ ಸವೆದಿದೆ ಎಂದರೆ, ನೀವು ಕಾಲು ತೆಗೆದ ಮೇಲೂ ಅದು ಡಿಸ್ಕ್ (ಚಕ್ರದೊಡನೆ ತಿರುಗುವ ಲೋಹದ ತಟ್ಟೆ) ಬಿಟ್ಟಿಲ್ಲ, ಅಥವಾ ಆ ಚಕ್ರದ ಒತ್ತಡವನ್ನೆಲ್ಲ ಅದೊಂದೇ ಹೊತ್ತಿದೆ. ಒರಿಜಿನಲ್ ಹಾಕಿಸಿದರೆ ಒರಿಜಿನಲ್ಲೇ ಸವೆಯುತ್ತದೆ.

ಎರಡೂ ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಭಾಗವೇ ಕ್ಯಾಲಿಪರ್. ಸಣ್ಣ ಕಾರುಗಳ ಕ್ಯಾಲಿಪರ್‌ಗೆ ಸಾಮಾನ್ಯವಾಗಿ ಒಂದೇ ಪಿಸ್ಟನ್, ಅದೂ ಒಳಬದಿಗೆ. ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ; ಆಗ ಕ್ಯಾಲಿಪರ್ ಎರಡು ಗೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾಮ್ ಆದರೆ ಕ್ಯಾಲಿಪರ್ ಜಾರುವುದಿಲ್ಲ, ಕೆಲಸವೆಲ್ಲ ಒಳಗಿನದರ ತಲೆಗೆ. ಇನ್ನು ಪಿಸ್ಟನ್ ವಾಪಸ್ ಬರಲು ಅಲ್ಲಿ ಸ್ಪ್ರಿಂಗ್ ಇರುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲ. ಅದರ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಡಕ್ಕೆ ತುಸು ತಿರುಚಿ, ಒತ್ತಡ ಹೋದಾಗ ಮೊದಲಿನ ಆಕಾರಕ್ಕೆ ಮರಳುವಾಗ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟೇ ಏರ್ಪಾಡು. ಪಿಸ್ಟನ್ ಮೇಲೆ ಸ್ವಲ್ಪ ತುಕ್ಕು ಕೂತರೂ ಅದು ಕೆಡುತ್ತದೆ.

ಪರೀಕ್ಷೆ ಹೀಗೆ. ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮುಂಭಾಗ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕೈ ಒಳಗೆ ಹಾಕಬೇಡಿ. ಗೇರ್ ನ್ಯೂಟ್ರಲ್‌ನಲ್ಲಿರಲಿ. ಬ್ರೇಕ್ ಒತ್ತಿ ಬಿಟ್ಟು ಎರಡೂ ಚಕ್ರ ಕೈಯಲ್ಲಿ ತಿರುಗಿಸಿ. ತುಸು ಉಜ್ಜುವ ಸದ್ದು ಸಹಜ, ಬಿಗಿತ ಸಹಜವಲ್ಲ. ಎಡದ್ದು ಬಿಗಿಯಾಗಿದ್ದರೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್‌ಗೆ (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ಟ್ಯೂಬ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಹಗುರವಾಯಿತೇ? ಹಾಗಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಕ್ಯಾಲಿಪರ್‌ಗೆ ಆಯಿಲ್ ತರುವ ರಬ್ಬರ್ ಹೋಸ್ ಒಳಗೆ ಊದಿರುತ್ತದೆ. ಆಯಿಲನ್ನು ಹೋಗಲು ಬಿಡುತ್ತದೆ, ಮರಳಲು ಬಿಡುವುದಿಲ್ಲ. ಹೊರಗಿನಿಂದ ಹೋಸ್ ಹೊಸದರಂತೆಯೇ ಕಾಣುವುದರಿಂದ ಇದನ್ನು ಹಿಡಿಯುವವರು ಕಡಿಮೆ. ಆದರೆ ಹೋಸ್ ದೋಷದಲ್ಲಿ ಸಾಮಾನ್ಯವಾಗಿ ಒಳಗಿನದು, ಹೊರಗಿನದು ಎರಡೂ ಸವೆಯುತ್ತವೆ. ನಿಮ್ಮಲ್ಲಿ ಒಂದೇ ಸವೆದಿರುವುದರಿಂದ ಪಿನ್ ಅಥವಾ ಪಿಸ್ಟನ್ ಮೇಲೆಯೇ ಹೆಚ್ಚು ಅನುಮಾನ. ನಿಪ್ಪಲ್ ತೆರೆದಿದ್ದರೆ ಕೊನೆಗೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸುವುದನ್ನು ಮರೆಯಬೇಡಿ.

ನಿಪ್ಪಲ್ ಬಿಟ್ಟರೂ ಬಿಗಿತ ಹೋಗದಿದ್ದರೆ ಕ್ಯಾಲಿಪರ್ ಬಿಚ್ಚಿ. ಅದನ್ನು ಹೋಸ್‌ನಲ್ಲಿ ನೇತುಬಿಡದೆ ತಂತಿಯಿಂದ ಕಟ್ಟಿ. ಎರಡೂ ಪಿನ್ ಬೆರಳಲ್ಲಿ ಎಳೆದರೆ ಬರಬೇಕು. ಬಾರದಿದ್ದರೆ ಹಳೇ ಗ್ರೀಸ್, ತುಕ್ಕು ಪೂರ್ತಿ ತೆಗೆದು, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಬೇರಿಂಗ್ ಗ್ರೀಸ್ ಬೇಡವೇ ಬೇಡ; ಅದು ಪೆಟ್ರೋಲಿಯಂ ಮೂಲದ್ದು, ರಬ್ಬರ್ ಊದಿ ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ‘ಸರ್ವಿಸ್ ಮಾಡಿಸಿದ ಮೇಲೇ ಹೀಗಾಯಿತು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಗ್ರೀಸೇ ಇರುತ್ತದೆ. ಒಂದು ಪಿನ್‌ಗೆ ರಬ್ಬರ್ ಬುಷ್ ಇದ್ದರೆ ಅದಲುಬದಲು ಮಾಡಬೇಡಿ.

ಆಮೇಲೆ ಪಿಸ್ಟನ್. ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿ ತುಂಬಿದ್ದರೆ ಸ್ವಲ್ಪ ತೆಗೆಯಿರಿ, ಇಲ್ಲವಾದರೆ ಉಕ್ಕಿ ಪೇಂಟ್ ಹಾಳು. ಹಳೇ ಪ್ಯಾಡನ್ನು ಪಿಸ್ಟನ್‌ಗೆ ಅಡ್ಡ ಇಟ್ಟು ಸಿ-ಕ್ಲ್ಯಾಂಪ್‌ನಿಂದ ನಿಧಾನ ಒತ್ತಿ. ಬಲಗಡೆಯೂ ಹಾಗೇ ಮಾಡಿ ಹೋಲಿಸಿ. ಎಡಗಡೆ ಹೆಚ್ಚು ಬಲ ಬೇಡಿದರೆ, ಪಿಸ್ಟನ್‌ಗೆ ಧೂಳು ತಡೆಯುವ ರಬ್ಬರ್ (ಡಸ್ಟ್ ಬೂಟ್) ಹರಿದಿದ್ದರೆ, ಸೀಲ್ ಕಿಟ್ ಹಾಕಿಸಿ. ಪಿಸ್ಟನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಪಿಸ್ಟನ್ನೇ ಬದಲಿಸಬೇಕು, ಉಜ್ಜಿ ಪ್ರಯೋಜನವಿಲ್ಲ. ಕಡಲ ತಡಿಯವರಾದ್ದರಿಂದ ಪ್ಯಾಡ್ ಕೂರುವ ಬ್ರಾಕೆಟ್ಟನ್ನೂ ನೋಡಿ. ಉಪ್ಪುಗಾಳಿಗೆ ತುಕ್ಕು ಉಬ್ಬಿ ಪ್ಯಾಡಿನ ಕಿವಿಗಳನ್ನು (ಎರಡು ತುದಿಯ ಚಾಚುಗಳನ್ನು) ಅಲ್ಲೇ ಕಚ್ಚಿಕೊಳ್ಳುತ್ತದೆ. ಸ್ಟೀಲ್ ಕ್ಲಿಪ್ ಕಿತ್ತು, ತಂತಿ ಬ್ರಷ್‌ನಲ್ಲಿ ಉಜ್ಜಿ, ಹೊಸ ಕ್ಲಿಪ್ ಹಾಕಿ. ಪ್ಯಾಡ್ ಕೈಯಲ್ಲೇ ಜಾರಬೇಕು, ಸುತ್ತಿಗೆ ಬೇಕಾಗಬಾರದು.

ಬಿಚ್ಚಿದ ಪ್ಯಾಡನ್ನು ಪಕ್ಕದಿಂದಲೂ ನೋಡಿ. ಒಂದು ತುದಿ ದಪ್ಪ, ಇನ್ನೊಂದು ತೆಳುವಾಗಿ ಓರೆ ಸವೆದಿದ್ದರೆ ಎರಡರಲ್ಲಿ ಒಂದೇ ಪಿನ್ ಹಿಡಿದಿದೆ, ಇಲ್ಲವೇ ಒಂದು ಕಿವಿ ಕಚ್ಚಿದೆ. ಹೊಸ ಪ್ಯಾಡಿನ ಉಜ್ಜುವ ಪದರ ಸುಮಾರು 10 ಮಿ.ಮೀ. ಇರುತ್ತದೆ, 3 ಮಿ.ಮೀ.ಗೆ ಬಂದಾಗ ಬದಲಿಸುವುದು ಲೇಸು. ಬಲಗಡೆಯವು ಚೆನ್ನಾಗಿದ್ದರೂ ಎರಡೂ ಬದಿ ಒಟ್ಟಿಗೇ ಬದಲಿಸಿ, ಇಲ್ಲವಾದರೆ ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು. ತಗಡು ಉಜ್ಜಿದ ಡಿಸ್ಕನ್ನೂ ಅಳೆಯಿಸಿ. ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅದರ ಮೇಲೇ ಅಚ್ಚಾಗಿರುತ್ತದೆ. ಅಂಚಿನ ಏಣು ಸವೆಯದೇ ಉಳಿಯುವುದರಿಂದ ಅದರ ಮೇಲೆ ವರ್ನಿಯರ್ ಇಟ್ಟು ಅಳೆದರೆ ಮೋಸಹೋಗುತ್ತೀರಿ, ಮೈಕ್ರೋಮೀಟರ್ ಬೇಕು. ಎಲ್ಲ ಮುಗಿದ ಮೇಲೆ ಕಾರು ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಪಿಸ್ಟನ್ ಹಿಂದಕ್ಕೆ ಹೋಗಿರುವುದರಿಂದ ಮೊದಲ ಕೆಲವು ಒತ್ತಿಗೆ ಬ್ರೇಕೇ ಇರುವುದಿಲ್ಲ.

ಪ್ರಶ್ನೆ: ವಾರಕ್ಕೆ ನಾಲ್ಕು ಸಲ ಚಾರ್ಮಾಡಿ ಘಾಟಿ ಹತ್ತಿ ಇಳಿಯುತ್ತೇನೆ. ಎರಡೂ ಕಡೆಯ ಪ್ಯಾಡ್ ಒಂದೇ ಸಮ ಸವೆದು 15,000 ಕಿ.ಮೀ.ಗೆ ಮುಗಿಯುತ್ತವೆ. ಇಳಿದ ಮೇಲೆ ಸುಟ್ಟ ವಾಸನೆ ಬೇರೆ.
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಒಂದೇ ಸಮ ಸವೆದಿದ್ದರೆ ಕ್ಯಾಲಿಪರ್‌ಗಿಂತ ಮೊದಲು ಕಾಲನ್ನು ಅನುಮಾನಿಸಬೇಕು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್: ತಿರುವುಗಳಲ್ಲಿ ಎರಡನೆಯದು. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯದೆ, ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಪೂರ್ತಿ ಬಿಡಿ. ನಡುವೆ ಡಿಸ್ಕ್ ಆರಲಿ. ನ್ಯೂಟ್ರಲ್‌ನಲ್ಲಿ ಇಳಿಸುವುದು ಉಳಿತಾಯವಲ್ಲ, ಅಪಾಯ.

ಸಮತಟ್ಟು ರಸ್ತೆಯಲ್ಲೂ ಚಕ್ರ ಬಿಸಿಯಾದರೆ ಮಾತು ಬೇರೆ. ಪೆಡಲ್‌ಗೆ ಕೆಲವು ಮಿ.ಮೀ. ಸಡಿಲ ಇರಲೇಬೇಕು, ಇಲ್ಲದಿದ್ದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಸದಾ ಅರೆ ಒತ್ತಿದಂತೆಯೇ ಇರುತ್ತದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿದ್ದಕ್ಕೆ ಇರುವ ಮಾನದಂಡ 155 ಡಿಗ್ರಿ ಮಾತ್ರ. ಇಳಿಜಾರಿನಲ್ಲಿ ಆಯಿಲ್ ಕುದಿದರೆ ಪೆಡಲ್ ನೆಲ ಮುಟ್ಟುತ್ತದೆ.

ಪ್ರಶ್ನೆ: ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿಸಿದಾಗ ಎರಡು ಲೈನರ್‌ಗಳಲ್ಲಿ ಮುಂದಿನದು ಹೆಚ್ಚು ಸವೆದಿತ್ತು. ದೋಷವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಎರಡೂ ಚಕ್ರದಲ್ಲಿ ಹಾಗೇ ಇದ್ದರೆ ದೋಷವಲ್ಲ. ತಿರುಗುವ ಡ್ರಮ್ ಮುಂದಿನ ಲೈನರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ, ಹಿಂದಿನದನ್ನು ದೂಡುತ್ತದೆ. ಒಂದೇ ಚಕ್ರದ ಲೈನರ್ ಬೇಗ ಸವೆದಿದ್ದರೆ ಹ್ಯಾಂಡ್ ಬ್ರೇಕ್ ಕೇಬಲ್ ಹಿಡಿದಿದೆಯೇ, ಆಚೆ ಚಕ್ರದ ಲೈನರ್ ತಳ್ಳುವ ವೀಲ್ ಸಿಲಿಂಡರ್ ಜಾಮ್ ಆಗಿ ಕೆಲಸವನ್ನೆಲ್ಲ ಇದಕ್ಕೇ ಬಿಟ್ಟಿದೆಯೇ ನೋಡಿಸಿ. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಹಳೇ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.