ನಷ್ಟದಲ್ಲಿರುವ ಎರಡು ಉಪಗ್ರಹ ರೇಡಿಯೋ ಕಂಪನಿಗಳು ಪೈಪೋಟಿ ಬಿಟ್ಟು ಒಂದಾಗುವುದು ಸರಿಯೇ? ಅಂಥ ಸುದ್ದಿ ಬಂದಾಗ ಷೇರು ಕೊಳ್ಳಬಹುದೇ?

ನೀವು ಅಮೆರಿಕದ ಸಿರಿಯಸ್ ಮತ್ತು ಎಕ್ಸ್‌ಎಂ ಉದಾಹರಣೆ ಕೊಟ್ಟಿದ್ದೀರಿ. ಪೈಪೋಟಿಯೇ ಇಬ್ಬರನ್ನೂ ನಷ್ಟಕ್ಕೆ ತಳ್ಳಿತ್ತು, ಒಂದಾದ ಮೇಲೆ ಉಳಿದುಕೊಂಡರು ಎಂಬುದು ನಿಮ್ಮ ಲೆಕ್ಕಾಚಾರ. 2007ರಲ್ಲಿ ನನ್ನದೂ ಇದೇ ಲೆಕ್ಕಾಚಾರವಾಗಿತ್ತು. ಮೈಸೂರಿನಲ್ಲಿ ಸೈಟು ಕೊಳ್ಳಲೆಂದು ಕೂಡಿಟ್ಟಿದ್ದ ಹಣದ ಬಹುಪಾಲನ್ನು ಅದರ ಮೇಲೆ ಹೂಡಿದೆ.

ಆಗ ನಾನು ಮಿಷಿಗನ್‌ನಲ್ಲಿದ್ದೆ. ಕಾರುಗಳಿಗೆ ರೇಡಿಯೋ ತಯಾರಿಸಿಕೊಡುವ ಕಂಪನಿಯೊಂದರ ಪರೀಕ್ಷಾ ವಿಭಾಗದಲ್ಲಿ ಕೆಲಸ. ಎರಡೂ ಸೇವೆಗಳ ರಿಸೀವರ್‌ಗಳು ನಮ್ಮ ಮೇಜಿನ ಮೇಲೆ ಬರುತ್ತಿದ್ದವು. ಕಾರಿನ ಮಾಡಿನ ಮೇಲಿನ ಆಂಟೆನಾಕ್ಕೆ ಅಲ್ಯುಮಿನಿಯಂ ಹಾಳೆ ಸುತ್ತಿದರೂ ಹಾಡು ತಕ್ಷಣ ನಿಲ್ಲುತ್ತಿರಲಿಲ್ಲ. ಸುಮಾರು ನಾಲ್ಕು ಸೆಕೆಂಡು ಏನೂ ಆಗದಂತೆ ನಡೆದು ಆಮೇಲೆ ಕಡಿದುಹೋಗುತ್ತಿತ್ತು. ಒಂದೇ ಕಾರ್ಯಕ್ರಮವನ್ನು ಎರಡು ಸಲ, ನಡುವೆ ಕೆಲವು ಸೆಕೆಂಡುಗಳ ಅಂತರವಿಟ್ಟು ಕಳುಹಿಸುತ್ತಿದ್ದರು. ಸೇತುವೆಯ ಕೆಳಗೆ ಹಾದುಹೋಗುವಾಗ ಒಂದು ಸಂಕೇತ ತಪ್ಪಿದರೆ ಇನ್ನೊಂದು ಕೈಹಿಡಿಯಲಿ ಎಂಬ ಏರ್ಪಾಡು ಅದು. ಹೆದ್ದಾರಿಯಲ್ಲಿ ಸೇತುವೆಯ ಮೇಲೆ ಸೇತುವೆ ದಾಟುತ್ತಾ ಅದನ್ನು ಪರೀಕ್ಷಿಸುವುದು ನನಗೆ ಅತ್ಯಂತ ಇಷ್ಟದ ಕೆಲಸವಾಗಿತ್ತು.

ಇಷ್ಟರ ಮಟ್ಟಿಗೆ ಎರಡೂ ಒಂದೇ. ಉಳಿದದ್ದೆಲ್ಲ ಬೇರೆ. ಎಕ್ಸ್‌ಎಂನ ಉಪಗ್ರಹಗಳು ಸಮಭಾಜಕದ ಮೇಲೆ ಒಂದೇ ಜಾಗದಲ್ಲಿ ನಿಂತಿರುತ್ತಿದ್ದವು. ಹಾಗಾಗಿ ಮಿಷಿಗನ್‌ನಂಥ ಉತ್ತರದ ರಾಜ್ಯದಲ್ಲಿ ಅವು ದಕ್ಷಿಣ ದಿಕ್ಕಿಗೆ ವಾಲಿರುತ್ತಿದ್ದವು. ದಕ್ಷಿಣಕ್ಕೊಂದು ಎತ್ತರದ ಕಟ್ಟಡವಿದ್ದರೆ ತೊಂದರೆ. ಸಿರಿಯಸ್‌ನ ಮೂರು ಉಪಗ್ರಹಗಳು ಉದ್ದನೆಯ ಅಂಡಾಕಾರದ ಕಕ್ಷೆಯಲ್ಲಿ ಸುತ್ತುತ್ತಾ, ಸರದಿಯ ಮೇಲೆ ಉತ್ತರ ಅಮೆರಿಕದ ನೆತ್ತಿಯ ಮೇಲೆ ಬರುತ್ತಿದ್ದವು. ಚಿಪ್ ಬೇರೆ, ಸಂಕೇತ ಬೇರೆ, ಗೂಢಲಿಪಿ ಬೇರೆ. ಒಂದರ ರಿಸೀವರಿನಲ್ಲಿ ಇನ್ನೊಂದು ಬರುತ್ತಲೇ ಇರಲಿಲ್ಲ. ಜನರಲ್ ಮೋಟಾರ್ಸ್ ಮತ್ತು ಹೋಂಡಾ ಕಾರುಗಳಿಗೆ ಎಕ್ಸ್‌ಎಂ, ಫೋರ್ಡ್ ಮತ್ತು ಕ್ರೈಸ್ಲರ್ ಕಾರುಗಳಿಗೆ ಸಿರಿಯಸ್ ಎಂದು ಮೊದಲೇ ಒಪ್ಪಂದವಾಗಿತ್ತು. ನಮ್ಮ ಮನೆಯಲ್ಲಿ ಎರಡು ಕಾರು, ಎರಡು ಬೇರೆ ಬೇರೆ ಕಂಪನಿಯವು. ಹೀಗಾಗಿ ಎರಡು ಚಂದಾ, ಎರಡಕ್ಕೂ ತಿಂಗಳಿಗೆ 12.95 ಡಾಲರ್.

ಇಲ್ಲಿ ನಿಮ್ಮ ಪ್ರಶ್ನೆಯ ಬುಡದಲ್ಲಿರುವ ಮಾತನ್ನೇ ನಾನು ಒಪ್ಪುವುದಿಲ್ಲ. ಅವರಿಬ್ಬರ ನಡುವೆ ಪೈಪೋಟಿ ಇತ್ತು ಎನ್ನುತ್ತೀರಿ. ಕೇಳುಗನಿಗಾಗಿ ಪೈಪೋಟಿ ಇರಲೇ ಇಲ್ಲ. ಕಾರು ಕೊಂಡ ದಿನವೇ ಅವನ ಆಯ್ಕೆ ಮುಗಿದಿರುತ್ತಿತ್ತು, ಮತ್ತು ರೇಡಿಯೋ ನೋಡಿ ಕಾರು ಕೊಳ್ಳುವವರು ಯಾರೂ ಇರಲಿಲ್ಲ. ಪೈಪೋಟಿ ಇದ್ದದ್ದು ಕಾರು ತಯಾರಕರನ್ನು ಒಲಿಸಿಕೊಳ್ಳುವುದರಲ್ಲಿ ಮತ್ತು ದೊಡ್ಡ ಹೆಸರುಗಳನ್ನು ಹರಾಜು ಕೂಗಿದಂತೆ ಕೊಳ್ಳುವುದರಲ್ಲಿ. ಹೋವರ್ಡ್ ಸ್ಟರ್ನ್ ಎಂಬ ನಿರೂಪಕನಿಗೆ ಸಿರಿಯಸ್ ಐದು ವರ್ಷಕ್ಕೆ 50 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತು. ಎಕ್ಸ್‌ಎಂ 11 ವರ್ಷಗಳ ಬೇಸ್‌ಬಾಲ್ ಪ್ರಸಾರಕ್ಕೆ 65 ಕೋಟಿ ಡಾಲರ್ ಒಪ್ಪಿಕೊಂಡಿತು. ಕೇಳುಗನ ಬೆಲೆಯೇನೂ ಇಳಿಯಲಿಲ್ಲ. ಮೊದಲು 9.99 ಡಾಲರ್ ಇದ್ದ ಎಕ್ಸ್‌ಎಂ ಚಂದಾ 2005ರಲ್ಲಿ ಸಿರಿಯಸ್‌ನ 12.95ಕ್ಕೇ ಏರಿತು.

2007ರ ಫೆಬ್ರುವರಿ 19ರಂದು ವಿಲೀನದ ಘೋಷಣೆಯಾಯಿತು. ಎಕ್ಸ್‌ಎಂನ ಒಂದು ಷೇರಿಗೆ ಸಿರಿಯಸ್‌ನ 4.6 ಷೇರು. ಸರ್ಕಾರ ಒಪ್ಪುವುದಿಲ್ಲ ಎಂದೇ ಬಹುಮಂದಿಯ ಅಂದಾಜು. 2002ರಲ್ಲಿ ಎಕೋಸ್ಟಾರ್ ಮತ್ತು ಡೈರೆಕ್‌ಟಿವಿ ಎಂಬ ಎರಡು ಉಪಗ್ರಹ ಟಿವಿ ಕಂಪನಿಗಳ ವಿಲೀನವನ್ನು ಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ ತಡೆದಿತ್ತು. ಅದೂ ಅಲ್ಲದೆ, 1997ರಲ್ಲಿ ಈ ಎರಡು ರೇಡಿಯೋ ಪರವಾನಗಿಗಳನ್ನು ಹರಾಜು ಹಾಕಿದಾಗಲೇ ಒಬ್ಬರು ಇನ್ನೊಬ್ಬರನ್ನು ಕೊಳ್ಳಕೂಡದು ಎಂಬ ಮಾತಿತ್ತು. ಹಾಗಾಗಿ ಸಿರಿಯಸ್ ಷೇರಿನ ಬೆಲೆಯನ್ನು 4.6ರಿಂದ ಗುಣಿಸಿದರೆ ಎಷ್ಟಾಗುತ್ತದೋ ಅದಕ್ಕಿಂತ ಅಗ್ಗದಲ್ಲಿ ಎಕ್ಸ್‌ಎಂ ಷೇರು ಸಿಗುತ್ತಿತ್ತು. ಒಪ್ಪಿಗೆ ಸಿಕ್ಕರೆ ಆ ಅಂತರ ಮುಚ್ಚಿಹೋಗುತ್ತದೆ, ಅಷ್ಟೂ ಲಾಭ ಎಂದುಕೊಂಡು ಎಕ್ಸ್‌ಎಂ ಷೇರು ಕೊಂಡೆ. ಒಪ್ಪಿಗೆ ಸಿಗುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಇವರ ಗಿರಾಕಿಗಳು ಅತ್ತಿಂದಿತ್ತ ಹೋಗಲಾರರು ಎಂಬುದನ್ನು ದಿನವೂ ಮೇಜಿನ ಮೇಲೆ ನೋಡುತ್ತಿದ್ದವನು ನಾನು.

ನನ್ನ ಅಂದಾಜು ನಿಜವಾಯಿತು. 2008ರ ಮಾರ್ಚ್ 24ರಂದು ನ್ಯಾಯ ಇಲಾಖೆ ಆಕ್ಷೇಪಣೆ ಇಲ್ಲ ಎಂದಿತು. ಕೊಟ್ಟ ಕಾರಣಗಳೂ ಬಹುತೇಕ ಇವೇ: ರಿಸೀವರ್‌ಗಳು ಒಂದಕ್ಕೊಂದು ಹೊಂದುವುದಿಲ್ಲ, ಕಾರು ತಯಾರಕರೊಂದಿಗೆ ದೀರ್ಘಾವಧಿ ಒಪ್ಪಂದಗಳಿವೆ. ಜುಲೈ 25ರಂದು ಎಫ್‌ಸಿಸಿ 3–2 ಮತಗಳಿಂದ ಒಪ್ಪಿತು. ನಾನು ಬಯಸಿದ್ದೆಲ್ಲ ಆಯಿತು, ಆದರೂ ಹಣ ಕಳೆದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಹಾಕುತ್ತಿರುವ ಹೆಜ್ಜೆಯೂ ಅದೇ ಜಾಗಕ್ಕೆ ಹೋಗುತ್ತಿದೆ.

ಅಂತರ ಮುಚ್ಚುತ್ತದೆ ಎಂದು ತಿಳಿದವನು ಅದು ಎರಡು ರೀತಿಯಲ್ಲಿ ಮುಚ್ಚಬಹುದು ಎಂಬುದನ್ನು ನೋಡಲಿಲ್ಲ. ಕೆಳಗಿನದು ಮೇಲಕ್ಕೇರಬಹುದು, ಅಥವಾ ಮೇಲಿನದು ಕೆಳಕ್ಕಿಳಿಯಬಹುದು. ಘೋಷಣೆಯ ಹೊತ್ತಿಗೆ ಮೂರೂವರೆ ಡಾಲರ್ ಮೀರಿದ್ದ ಸಿರಿಯಸ್ ಷೇರು ವಿಲೀನ ಪೂರ್ಣಗೊಂಡಾಗ ಎರಡು ಡಾಲರ್‌ಗಿಂತ ಕೆಳಗಿತ್ತು. ನಾನು 4.6ರಿಂದ ಗುಣಿಸುತ್ತಿದ್ದ ಸಂಖ್ಯೆಯೇ ಕರಗಿಹೋಗಿತ್ತು.

ಯಾಕೆ ಕರಗಿತು? ಸಾಲದಿಂದ. ಹರಾಜಿನಲ್ಲಿ ಕೊಂಡ ಹೆಸರುಗಳು, ಉಪಗ್ರಹಗಳು, ಕಾರು ತಯಾರಕರಿಗೆ ಕೊಟ್ಟ ಸಬ್ಸಿಡಿ ಎಲ್ಲವೂ ಸಾಲದ ಮೇಲೆ ನಿಂತಿದ್ದವು. ಸಾಲವಿದೆ ಎಂಬುದು ನನಗೂ ಗೊತ್ತಿತ್ತು. ಎಷ್ಟು ಸಾಲ ಎಂದು ನೋಡಿದೆ, ಯಾವಾಗ ತೀರಿಸಬೇಕು ಎಂದು ನೋಡಲಿಲ್ಲ. ವಾರ್ಷಿಕ ವರದಿಯ ಹಿಂಭಾಗದಲ್ಲಿ ವರ್ಷವಾರು ಮರುಪಾವತಿಯ ಕೋಷ್ಟಕ ಇರುತ್ತದೆ. ಅದನ್ನು ಓದಲು ಕಾಲು ಗಂಟೆ ಸಾಕು. ಓದಿದ್ದರೆ ಎರಡು ವಿಷಯ ತಿಳಿಯುತ್ತಿತ್ತು. ಮೊದಲನೆಯದು, ಕಂಪನಿಯ ಒಡೆತನ ಬದಲಾದರೆ ಹಣ ವಾಪಸು ಕೇಳುವ ಹಕ್ಕು ಎಕ್ಸ್‌ಎಂನ ಸಾಲಪತ್ರಗಳಿಗೆ ಹಣ ಕೊಟ್ಟಿದ್ದ ಅನೇಕರಿಗಿತ್ತು. ಅಂದರೆ ಮಲಗಿದ್ದ ಸಾಲವನ್ನು ವಿಲೀನವೇ ಎಬ್ಬಿಸಿತು. ಅದನ್ನು ತೀರಿಸಲು ಹೊಸ ಸಾಲ ಎತ್ತಬೇಕಾಯಿತು, ಅದರಲ್ಲೊಂದು ಭಾಗಕ್ಕೆ ಶೇ. 13 ಬಡ್ಡಿ. ಎರಡನೆಯದು, ಸಿರಿಯಸ್‌ನದೇ ಸುಮಾರು 17 ಕೋಟಿ ಡಾಲರ್ ಬಾಂಡ್ 2009ರ ಫೆಬ್ರುವರಿಯಲ್ಲಿ ತೀರಬೇಕಿತ್ತು. ಒಪ್ಪಿಗೆಗೆ ಹದಿನೇಳು ತಿಂಗಳು ಹಿಡಿದಿದ್ದರಿಂದ ಆ ದಿನಾಂಕ ವಿಲೀನದ ಬೆನ್ನಿಗೇ ಬಂದು ನಿಂತಿತು. ನಡುವೆ ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ಬಿತ್ತು. ಅದರ ನಂತರ ಸಾಲ ಕೊಡುವವರೇ ಇಲ್ಲ.

ಇನ್ನೊಂದು ವಿಷಯ ನನ್ನ ಕಣ್ಣಮುಂದೆಯೇ ಇತ್ತು. ಹೊಸ ಚಂದಾದಾರರು ಬರುತ್ತಿದ್ದದ್ದು ಹೊಸ ಕಾರುಗಳಿಂದ. ಅಮೆರಿಕದಲ್ಲಿ 2007ರಲ್ಲಿ ಸುಮಾರು 1 ಕೋಟಿ 60 ಲಕ್ಷ ವಾಹನಗಳು ಮಾರಾಟವಾಗಿದ್ದರೆ 2009ರಲ್ಲಿ ಆದದ್ದು ಸುಮಾರು 1 ಕೋಟಿ 4 ಲಕ್ಷ. ನನ್ನ ಕೆಲಸವೂ ನಿಂತಿದ್ದದ್ದು ಕಾರುಗಳ ಮೇಲೆಯೇ. ಸಂಬಳ ಮತ್ತು ಉಳಿತಾಯ ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೆ, ಎರಡೂ ಒಂದೇ ಚಳಿಗಾಲದಲ್ಲಿ ಹೋದವು. ನಾನು ಬಲ್ಲ ಉದ್ಯಮ, ಹಾಗಾಗಿ ಇದರಲ್ಲಿ ಹಣ ಹೂಡುವುದು ಸುರಕ್ಷಿತ ಎಂದು ಹೆಂಡತಿಗೆ ಹೇಳಿದ್ದೆ. ಬಲ್ಲ ಉದ್ಯಮವೇ ಆಗಿದ್ದರಿಂದ ಅದರಲ್ಲಿ ಹೂಡಬಾರದಿತ್ತು.

2009ರ ಫೆಬ್ರುವರಿ ಎರಡನೆಯ ವಾರದಲ್ಲಿ ದಿವಾಳಿ ಅರ್ಜಿಯ ಸುದ್ದಿ ಹರಡಿ ಒಂದಾದ ಕಂಪನಿಯ ಷೇರು ಐದಾರು ಸೆಂಟಿಗೆ ಇಳಿಯಿತು. ಕೆಲಸವೂ ಇರಲಿಲ್ಲ, ಮಾರಿಬಿಟ್ಟೆ. ಫೆಬ್ರುವರಿ 17ರಂದು ಜಾನ್ ಮಲೋನ್ ಅವರ ಲಿಬರ್ಟಿ ಮೀಡಿಯಾ 53 ಕೋಟಿ ಡಾಲರ್ ಸಾಲ ಕೊಡಲು ಮುಂದೆ ಬಂದಿತು. ಬಡ್ಡಿ ಶೇ. 15, ಜೊತೆಗೆ ಕಂಪನಿಯಲ್ಲಿ ಶೇ. 40ರಷ್ಟು ಪಾಲು. ಕಂಪನಿ ಉಳಿಯಿತು, ಕೆಲವು ವರ್ಷಗಳಲ್ಲಿ ಷೇರು ಮತ್ತೆ ಮೂರು ಡಾಲರ್ ದಾಟಿತು. ವಿಲೀನ ಅದನ್ನು ಉಳಿಸಿತು ಎಂದು ಬರೆಯುವವರು ಕಥೆಯ ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಉಳಿಸಿದ್ದು ಲಿಬರ್ಟಿಯ ಹಣ, ಮತ್ತು ಅದರ ಬೆಲೆಯನ್ನು ಹಳೆಯ ಷೇರುದಾರರು ತೆತ್ತರು.

ಪೈಪೋಟಿಯೇ ರೋಗ ಎನ್ನುವವರಿಗೆ ನಾನು ನಮ್ಮೂರಿನ ಉದಾಹರಣೆಯನ್ನೇ ಕೊಡುತ್ತೇನೆ. ನೋವಾ ಸಮಾರಾ ಸ್ಥಾಪಿಸಿದ ವರ್ಲ್ಡ್‌ಸ್ಪೇಸ್ ಗೊತ್ತಲ್ಲ? ಎಕ್ಸ್‌ಎಂನ ಆರಂಭದ ದಿನಗಳಲ್ಲಿ ಅದಕ್ಕೆ ಹಣ ಹಾಕಿದ ಕಂಪನಿಯೂ ಅದೇ. 2000ದಲ್ಲಿ ಹಾರಿದ ಏಷ್ಯಾಸ್ಟಾರ್ ಉಪಗ್ರಹದಿಂದ ಭಾರತಕ್ಕೆ ಪ್ರಸಾರ, ಕನ್ನಡಕ್ಕೆ ‘ಸ್ಪರ್ಶ’, ಕರ್ನಾಟಕ ಸಂಗೀತಕ್ಕೆ ‘ಶ್ರುತಿ’. ನನ್ನ ತಂದೆ ಮೈಸೂರಿನ ಮನೆಯಲ್ಲಿ ಪೂರ್ವದ ಕಿಟಕಿಗೆ ಆಂಟೆನಾ ಇಟ್ಟು, ಅದು ಅಲುಗಾಡದಂತೆ ಹಿಂದೆ ಎರಡು ದಪ್ಪ ನಿಘಂಟುಗಳನ್ನು ಒತ್ತಿಟ್ಟು, ಬೆಳಗಿನ ಕಾಫಿಯ ಹೊತ್ತಿಗೆ ‘ಶ್ರುತಿ’ ಹಾಕುತ್ತಿದ್ದರು. ಜಾಹೀರಾತಿಲ್ಲದೆ, ಹಾಡನ್ನು ಅರ್ಧಕ್ಕೆ ಕತ್ತರಿಸದೆ ಬರುವ ಸಂಗೀತಕ್ಕಾಗಿ ಅವರು ಸಂತೋಷದಿಂದ ಹಣ ಕಟ್ಟಿದರು. ಭಾರತದಲ್ಲಿ ವರ್ಲ್ಡ್‌ಸ್ಪೇಸ್‌ಗೆ ಉಪಗ್ರಹ ರೇಡಿಯೋದಲ್ಲಿ ಪ್ರತಿಸ್ಪರ್ಧಿಯೇ ಇರಲಿಲ್ಲ. ವಿಲೀನದಿಂದ ಸಿಗಬಹುದಾದ ಏಕಸ್ವಾಮ್ಯ ಅದಕ್ಕೆ ಹುಟ್ಟಿನಿಂದಲೇ ಸಿಕ್ಕಿತ್ತು. ಆದರೂ 2008ರ ಅಕ್ಟೋಬರ್‌ನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು, 2009ರ ಡಿಸೆಂಬರ್ 31ರಂದು ಭಾರತದ ಸೇವೆ ನಿಂತಿತು. ಕಾರಿನೊಳಗೆ ಅದು ಬರುತ್ತಿರಲಿಲ್ಲ. ನೆಲದ ಮೇಲೆ ಸಂಕೇತವನ್ನು ಮರುಪ್ರಸಾರ ಮಾಡುವ ಗೋಪುರಗಳಿಲ್ಲದೆ ನಗರದ ರಸ್ತೆಯಲ್ಲಿ ಉಪಗ್ರಹ ರೇಡಿಯೋ ನಡೆಯುವುದಿಲ್ಲ. ಕಿಟಕಿಗೆ ಅಂಟಿದ ರೇಡಿಯೋವನ್ನು ನೆಚ್ಚಿ ಎರಡು ಉಪಗ್ರಹಗಳ ಖರ್ಚು ಹೊರುವುದು ಸಾಧ್ಯವಾಗಲಿಲ್ಲ. ಯಾರ ಜೊತೆ ವಿಲೀನವಾಗಿದ್ದರೂ ಆ ಲೆಕ್ಕ ಸರಿಹೋಗುತ್ತಿರಲಿಲ್ಲ.

ಹಾಗಾದರೆ ಸಿರಿಯಸ್ ಮತ್ತು ಎಕ್ಸ್‌ಎಂ ಒಂದಾಗಬಾರದಿತ್ತೇ? ಆಗಬಹುದಿತ್ತು, ಅದಕ್ಕೆ ಒಪ್ಪಿಗೆ ಕೊಟ್ಟದ್ದು ಸರಿ ಎಂದೇ ನನ್ನ ನಿಲುವು. ಇಲ್ಲದ ಪೈಪೋಟಿಯನ್ನು ಕಾಪಾಡಲು ಹೊರಡುವುದರಲ್ಲಿ ಅರ್ಥವಿಲ್ಲ. ನನ್ನ ಸಿಟ್ಟು ಷರತ್ತುಗಳ ಮೇಲೆ. ಮೂರು ವರ್ಷ ಚಂದಾ ಏರಿಸಕೂಡದು ಎಂದು ಎಫ್‌ಸಿಸಿ ಹೇಳಿತು, ಆದರೆ ಸಂಗೀತದ ರಾಯಲ್ಟಿ ಹೆಚ್ಚಳವನ್ನು ಗಿರಾಕಿಯ ಮೇಲೆ ಹಾಕಲು ದಾರಿ ಬಿಟ್ಟಿತು. ಸರಿಯಾಗಿ ಒಂದು ವರ್ಷಕ್ಕೆ, 2009ರ ಜುಲೈ ಕೊನೆಯಲ್ಲಿ, ಮೂಲ ಚಂದಾದ ಮೇಲೆ 1.98 ಡಾಲರ್ ರಾಯಲ್ಟಿ ಶುಲ್ಕ ಬಂದು ಕುಳಿತಿತು. ಅದಕ್ಕೂ ಮೊದಲೇ, ಅದುವರೆಗೆ ಚಂದಾದ ಜೊತೆ ಉಚಿತವಾಗಿದ್ದ ಇಂಟರ್ನೆಟ್ ಪ್ರಸಾರಕ್ಕೆ ತಿಂಗಳಿಗೆ 2.99 ಡಾಲರ್ ಆಯಿತು. ಎರಡನೆಯ ರೇಡಿಯೋದ ಶುಲ್ಕ 6.99ರಿಂದ 8.99ಕ್ಕೆ ಹೋಯಿತು. ಕಾಗದದ ಮೇಲೆ 12.95 ಹಾಗೆಯೇ ಇತ್ತು. 2008ರ ನವೆಂಬರ್ 12ರಂದು ಎರಡರ ಚಾನೆಲ್ ಪಟ್ಟಿಯನ್ನು ಬೆರೆಸಿದಾಗ ಸಣ್ಣ ಅಭಿರುಚಿಯ ಅನೇಕ ಚಾನೆಲ್‌ಗಳು ಮಾಯವಾದವು. ಚಂದಾ ಕಟ್ಟಿ ರೇಡಿಯೋ ಕೇಳುವವನು ಬರುವುದೇ ಆ ಸಣ್ಣ ಅಭಿರುಚಿಗಾಗಿ. ಜನಪ್ರಿಯ ಹಾಡು ಎಫ್‌ಎಂನಲ್ಲಿ ಪುಕ್ಕಟೆ ಸಿಗುತ್ತದೆ.

ತಡವೂ ದೊಡ್ಡ ತಪ್ಪು. ಅರ್ಜಿ ಕಚೇರಿಯಲ್ಲಿ ಕುಳಿತಿದ್ದಾಗ ಹೊರಗೆ ಏನಾಗುತ್ತಿತ್ತು ನೋಡಿ: 2007ರಲ್ಲಿ ಐಫೋನ್ ಬಂತು, 2008ರ ಜುಲೈನಲ್ಲಿ ಆಪ್ ಸ್ಟೋರ್ ತೆರೆಯಿತು, ಅದರಲ್ಲಿ ಮೊದಲ ದಿನದಿಂದಲೇ ಪಂಡೋರಾ ಎಂಬ ಇಂಟರ್ನೆಟ್ ರೇಡಿಯೋ ಇತ್ತು. ಎಫ್‌ಸಿಸಿ ಒಪ್ಪಿಗೆ ಕೊಟ್ಟದ್ದೂ ಅದೇ ತಿಂಗಳು. ಸಿರಿಯಸ್‌ನ ಮುಖ್ಯಸ್ಥ ಮೆಲ್ ಕರ್ಮಜಿನ್ ತಮ್ಮ ನಿಜವಾದ ಪ್ರತಿಸ್ಪರ್ಧಿಗಳು ಎಫ್‌ಎಂ, ಐಪಾಡ್ ಮತ್ತು ಇಂಟರ್ನೆಟ್ ಎಂದು ವಾದಿಸುತ್ತಿದ್ದರು. ಆಗ ಅದನ್ನು ವಕೀಲಿ ಮಾತು ಎಂದುಕೊಂಡವರೇ ಹೆಚ್ಚು. ಆ ಮಾತು ನಿಜವಾಯಿತು.

ನಿಮ್ಮ ತಲೆಯಲ್ಲಿ ಈಗ ಯಾವ ಕಂಪನಿಯ ಷೇರು ಕೊಳ್ಳುವ ಯೋಚನೆಯಿದೆಯೋ ತಿಳಿಯದು. ಭಾರತದಲ್ಲಿ ಡಿಶ್ ಟಿವಿ ಮತ್ತು ವಿಡಿಯೋಕಾನ್ ಡಿ2ಎಚ್ 2018ರ ಮಾರ್ಚ್‌ನಲ್ಲಿ ಒಂದಾಗಿ ದೇಶದ ಅತಿ ದೊಡ್ಡ ಡಿಟಿಎಚ್ ಕಂಪನಿಯಾದವು, ಆ ಸ್ಥಾನ ಹೆಚ್ಚು ಕಾಲ ಉಳಿಯಲಿಲ್ಲ ಎಂಬುದನ್ನೂ ನೋಡಿ. ವಿಲೀನದ ಸುದ್ದಿ ಬಂದ ದಿನ ಷೇರಿನ ಅನುಪಾತವನ್ನು ಬದಿಗಿಟ್ಟು ಇಬ್ಬರ ವಾರ್ಷಿಕ ವರದಿಗಳನ್ನೂ ಇಳಿಸಿಕೊಳ್ಳಿ. ಮುಂದಿನ ಎರಡು ವರ್ಷದಲ್ಲಿ ತೀರಿಸಬೇಕಾದ ಸಾಲ ಎಷ್ಟು, ಒಡೆತನ ಬದಲಾದರೆ ತಕ್ಷಣ ವಾಪಸು ಕೇಳಬಹುದಾದ ಸಾಲ ಎಷ್ಟು ಎಂದು ಕೂಡಿಸಿ, ಪಕ್ಕದಲ್ಲಿ ಕೈಯಲ್ಲಿರುವ ನಗದನ್ನು ಬರೆಯಿರಿ. ನಗದು ಕಡಿಮೆಯಿದ್ದರೆ ಕೊಳ್ಳಬೇಡಿ. ನೀವು ಅದೇ ಉದ್ಯಮದಲ್ಲಿ ಕೆಲಸ ಮಾಡುತ್ತಿದ್ದರೆ ನಗದು ಹೆಚ್ಚಿದ್ದರೂ ಕೊಳ್ಳಬೇಡಿ. ಆ ಕೋಷ್ಟಕ ಅರ್ಥವಾಗದಿದ್ದರೆ ವರದಿಯ ಪುಟವನ್ನು ಇಲ್ಲೇ ಹಾಕಿ, ಕುಳಿತು ಓದಿ ಹೇಳುತ್ತೇನೆ.